ಕ್ಯಾಪಿಟಲ್ ಇಲ್ಲದ ಲಿಪಿ, ಕ್ಯಾಪಿಟಲ್ ಕೇಳುವ ಕೋಡ್

ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪಬ್ಲಿಕ್, ಪ್ರೈವೇಟ್ ಎಂಬ ಪದಗಳಿಲ್ಲ. ಫಂಕ್ಷನ್ನಿನ ಹೆಸರು ಕ್ಯಾಪಿಟಲ್ ಅಕ್ಷರದಿಂದ ಶುರುವಾದರೆ ಅದನ್ನು ಯಾರು ಬೇಕಾದರೂ ಕರೆಯಬಹುದು. ಸ್ಮಾಲ್ ಅಕ್ಷರದಿಂದ ಶುರುವಾದರೆ ಅದು ತನ್ನ ಪ್ಯಾಕೇಜಿನ ಹೊಸ್ತಿಲು ದಾಟುವುದಿಲ್ಲ. ಬೇರೆ ಭಾಷೆಗಳು ಒಂದು ಇಡೀ ಪದ ಬಳಸಿ ಹೇಳುವುದನ್ನು ಇಲ್ಲಿ ಮೊದಲಕ್ಷರದ ಆಕಾರವೇ ಹೇಳಿಬಿಡುತ್ತದೆ. ರಾಬರ್ಟ್ ಗ್ರೀಸೆಮರ್, ರಾಬ್ ಪೈಕ್, ಕೆನ್ ಥಾಂಪ್ಸನ್ ಗೂಗಲ್‌ನಲ್ಲಿ ಸೇರಿ ಕಟ್ಟಿ, 2009ರ ನವೆಂಬರಿನಲ್ಲಿ ಹೊರಗೆ ಬಿಟ್ಟ ಭಾಷೆ ಇದು. ಬಳಸುವವರಿಗೆ ಈ ನಿಯಮ ಅಚ್ಚುಮೆಚ್ಚು. ಕೋಡ್ ಓದುತ್ತಿರುವಾಗಲೇ, ಬೇರೆಲ್ಲೂ ಹುಡುಕದೆ, ಯಾವುದು ಹೊರಗಿನವರಿಗೆ, ಯಾವುದು ಒಳಗಿನ ಕೆಲಸಕ್ಕೆ ಎಂದು ಕಣ್ಣಿಗೆ ಕಟ್ಟುತ್ತದೆ.

ಅದೇ ಫಂಕ್ಷನ್ನಿಗೆ ಕನ್ನಡದಲ್ಲಿ ಹೆಸರಿಡಲು ಕೂತವರಿಗೆ ಮಾತ್ರ ದಾರಿ ಅಲ್ಲಿಗೇ ಮುಗಿಯುತ್ತದೆ. ನಮ್ಮ ‘ಕ’ಕ್ಕೆ ದೊಡ್ಡದು, ಚಿಕ್ಕದು ಎಂಬ ಎರಡು ರೂಪಗಳಿಲ್ಲ. ಕ್ಯಾಪಿಟಲ್ ಅಲ್ಲದ್ದೆಲ್ಲ ಒಳಗಿನದು ಎಂದು ಭಾಷೆ ತೀರ್ಮಾನಿಸಿರುವುದರಿಂದ ಕನ್ನಡದ ಹೆಸರು ಎಂದಿಗೂ ಹೊರಗೆ ಬರುವಂತಿಲ್ಲ. ಈ ಲೇಖನಕ್ಕೂ ಅದೇ ತೊಡಕು ಇದೆ. ಮುಂದೆ ಬರುವ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಬರೆದಾಗ ಎಲ್ಲಿ ಕ್ಯಾಪಿಟಲ್, ಎಲ್ಲಿ ಸ್ಮಾಲ್ ಎಂಬುದನ್ನು ಮಾತಿನಲ್ಲೇ ಹೇಳಬೇಕು.

ಸಾಫ್ಟ್‌ವೇರ್ ಜಗತ್ತಿನಲ್ಲಿ ಹೆಸರಿಡುವ ಪದ್ಧತಿಗಳು ಯಾರೋ ಕೂತು ತರ್ಕದಿಂದ ರೂಪಿಸಿದವು ಎಂದು ಹೊಸಬರು ಭಾವಿಸುತ್ತಾರೆ. ಬಹುಪಾಲು ಹಾಗಲ್ಲ. ಯಂತ್ರದಲ್ಲಿ ಯಾವ ಅಕ್ಷರ ಇತ್ತು, ಕೀಲಿಮಣೆಯಲ್ಲಿ ಯಾವುದು ಇರಲಿಲ್ಲ ಎಂಬುದರಿಂದ ಹುಟ್ಟಿದ ಅಭ್ಯಾಸಗಳು ಅವು. ಅಭ್ಯಾಸವಾಗಿ ಇರುವಷ್ಟು ಕಾಲ ಅವುಗಳಿಂದ ಉಪಕಾರವೇ ಹೆಚ್ಚು. ಭಾಷೆಯ ವ್ಯಾಕರಣದೊಳಗೆ ಅವನ್ನು ಹೊಲಿದಾಗ ಬೇರೆ ಲಿಪಿಯವರು ಹೊರಗೆ ಉಳಿಯುತ್ತಾರೆ. ನನ್ನ ತಕರಾರು ಇರುವುದು ಈ ಎರಡನೆಯದರ ಬಗ್ಗೆ.

1957ಕ್ಕೆ ಹೋಗೋಣ. ಐಬಿಎಂ 704 ಯಂತ್ರಕ್ಕಾಗಿ ಜಾನ್ ಬ್ಯಾಕಸ್ ಅವರ ತಂಡ ಫೋರ್ಟ್ರಾನ್ ರೂಪಿಸಿತು. ಪ್ರೋಗ್ರಾಮನ್ನು ರಂಧ್ರ ಕೊರೆದ ಕಾರ್ಡುಗಳಲ್ಲಿ ಯಂತ್ರಕ್ಕೆ ಉಣಿಸುತ್ತಿದ್ದ ಕಾಲ; ಇದ್ದದ್ದೆಲ್ಲ ಕ್ಯಾಪಿಟಲ್ ಅಕ್ಷರಗಳೇ. ಹೆಸರು ಆರು ಅಕ್ಷರ ಮೀರುವಂತಿರಲಿಲ್ಲ. ಏಕೆಂದರೆ ಆ ಯಂತ್ರದ ಒಂದು ಮೆಮೊರಿ ಪದ 36 ಬಿಟ್‌ಗಳದ್ದು, ಒಂದು ಅಕ್ಷರಕ್ಕೆ 6 ಬಿಟ್ ಬೇಕು; ಆರು ಅಕ್ಷರಕ್ಕೆ ಜಾಗ ಸರಿಹೋಗುತ್ತಿತ್ತು. ಹೆಸರಿನ ಮೊದಲಕ್ಷರಕ್ಕೆ ಅರ್ಥ ಕೊಡುವ ಚಾಳಿಯೂ ಅಲ್ಲೇ ಕಾಣುತ್ತದೆ. ಐ ಇಂದ ಎನ್ ವರೆಗಿನ ಅಕ್ಷರಗಳಲ್ಲಿ ಶುರುವಾದ ಹೆಸರು ಪೂರ್ಣಾಂಕ, ಉಳಿದವು ದಶಮಾಂಶ. ಇಂದಿಗೂ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬ್‌ನಲ್ಲಿ ಲೂಪ್ ಬರೆಯುವ ವಿದ್ಯಾರ್ಥಿ ಯೋಚಿಸದೆ ಐ, ಜೆ, ಕೆ ಎಂದು ಟೈಪ್ ಮಾಡುತ್ತಾನಲ್ಲ, ಗಣಿತದ ಆ ರೂಢಿ ಕಂಪ್ಯೂಟರಿನಲ್ಲಿ ಗಟ್ಟಿಯಾದದ್ದು ಫೋರ್ಟ್ರಾನ್‌ನಿಂದ.

ಎರಡು ಪದಗಳ ಹೆಸರನ್ನು ಬರೆಯುವುದು ಹೇಗೆ ಎಂಬ ಪ್ರಶ್ನೆ ಬೇಗನೆ ಎದ್ದಿತು, ಏಕೆಂದರೆ ಹೆಸರಿನ ನಡುವೆ ಖಾಲಿ ಜಾಗ ಬಿಟ್ಟರೆ ಹೆಚ್ಚಿನ ಭಾಷೆಗಳು ಅದನ್ನು ಎರಡು ಹೆಸರೆಂದು ಓದುತ್ತವೆ. ಕೋಬಾಲ್ ಹೈಫನ್ ಬಳಸಿತು, ಲಿಸ್ಪ್ ಕೂಡ. ಗಣಿತದ ರೀತಿಯಲ್ಲಿ ಲೆಕ್ಕ ಬರೆಯುವ ಭಾಷೆಗಳಿಗೆ ಅದು ಸರಿಬರಲಿಲ್ಲ; ಅಲ್ಲಿ ಹೈಫನ್ ಎಂದರೆ ಕಳೆಯುವ ಚಿಹ್ನೆ. ಹಾಗಾದರೆ ಅಂಡರ್‌ಸ್ಕೋರ್ ಹಾಕಬಹುದಿತ್ತಲ್ಲ ಎನ್ನಬಹುದು. ಅದು ಆಗ ಇರಲೇ ಇಲ್ಲ. ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಮಾನಕ 1963ರಲ್ಲಿ ಮೊದಲು ಬಂದಾಗ ಸ್ಮಾಲ್ ಅಕ್ಷರಗಳೂ ಅದರಲ್ಲಿರಲಿಲ್ಲ. ಈಗ ಅಂಡರ್‌ಸ್ಕೋರ್ ಇರುವ ಸ್ಥಾನದಲ್ಲಿ ಎಡಕ್ಕೆ ತೋರುವ ಬಾಣ ಇತ್ತು. 1967ರ ಪರಿಷ್ಕರಣೆಯಲ್ಲಿ ಸ್ಮಾಲ್ ಅಕ್ಷರಗಳು ಬಂದವು, ಬಾಣದ ಜಾಗಕ್ಕೆ ಅಂಡರ್‌ಸ್ಕೋರ್ ಬಂತು.

ಎಲ್ಲರೂ ಒಟ್ಟಿಗೆ ಬದಲಾಗಲಿಲ್ಲ. ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪಾರ್ಕ್ ಸಂಶೋಧನಾಲಯದ ಆಲ್ಟೋ ಕಂಪ್ಯೂಟರಿನಲ್ಲಿ ಹಳೆಯ ಬಾಣವೇ ಉಳಿದಿತ್ತು, ಸ್ಮಾಲ್‌ಟಾಕ್ ಭಾಷೆಯಲ್ಲಿ ಒಂದು ವೇರಿಯಬಲ್‌ಗೆ ಬೆಲೆ ಹಾಕಲು ಆ ಬಾಣವನ್ನೇ ಬಳಸುತ್ತಿದ್ದರು. ಪದಗಳನ್ನು ಜೋಡಿಸಲು ಅಂಡರ್‌ಸ್ಕೋರ್ ಸಿಗದಿದ್ದಾಗ ಎರಡನೆಯ ಪದದ ಮೊದಲಕ್ಷರವನ್ನು ಕ್ಯಾಪಿಟಲ್ ಮಾಡಿ ಅಂಟಿಸಿದರು. ನಡುವೆ ಉಬ್ಬು ಎದ್ದ ಆ ಬರವಣಿಗೆಗೆ ಮುಂದೆ ಒಂಟೆಯ ಹೆಸರು ಬಂತು: ಕ್ಯಾಮೆಲ್ ಕೇಸ್. ಸ್ಮಾಲ್‌ಟಾಕ್‌ನ ಪ್ರಭಾವ ಆಬ್ಜೆಕ್ಟಿವ್-ಸಿ ಮೂಲಕ ಆಪಲ್‌ಗೆ ಹೋಯಿತು. ಜಾವಾ, ಜಾವಾಸ್ಕ್ರಿಪ್ಟ್‌ಗಳೂ ಅದೇ ಬರವಣಿಗೆ ಹಿಡಿದವು. ಇತ್ತ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಮತ್ತು ಸಿ ಭಾಷೆಯವರು ಎಲ್ಲವನ್ನೂ ಸ್ಮಾಲ್ ಅಕ್ಷರದಲ್ಲಿ, ಅಗತ್ಯವಿದ್ದಲ್ಲಿ ಅಂಡರ್‌ಸ್ಕೋರ್ ಹಾಕಿ ಬರೆದರು. ಅದು ಸ್ನೇಕ್ ಕೇಸ್ ಆಯಿತು. ಸಿ ಭಾಷೆಯ 1989ರ ಮಾನಕ ಕೂಡ ಫೈಲಿನಿಂದ ಫೈಲಿಗೆ ಕಾಣುವ ಹೆಸರಿನಲ್ಲಿ ಮೊದಲ ಆರು ಅಕ್ಷರಗಳಿಗೆ ಮಾತ್ರ ಖಾತರಿ ಕೊಟ್ಟಿತ್ತು. ಸ್ಟ್ರಿಂಗ್ ಕಾಪಿ ಎಂಬುದು ಸ್ವರಗಳನ್ನೆಲ್ಲ ಕಳೆದುಕೊಂಡು ಆರೇ ಅಕ್ಷರಗಳಲ್ಲಿ ನಿಂತದ್ದು ಇಂಥ ಮಿತಿಗಳ ನಡುವೆ. ಇಂದು ಒಂದು ತಂಡದವರು ಒಂಟೆಯೋ ಹಾವೋ ಎಂದು ಗಂಟೆಗಟ್ಟಲೆ ವಾದಿಸುವುದನ್ನು ನೋಡಿದಾಗ ಆ ಬಾಣ ನೆನಪಾಗುತ್ತದೆ. ಅಮೆರಿಕದ ಬೊನಿಟಾ ಶರೀಫ್ ಮತ್ತು ಜೊನಾಥನ್ ಮಾಲೆಟಿಕ್ 2010ರಲ್ಲಿ ಕಣ್ಣಿನ ಚಲನೆ ಅಳೆದು ನೋಡಿದಾಗ ಅಂಡರ್‌ಸ್ಕೋರ್ ಇರುವ ಹೆಸರುಗಳನ್ನು ಜನ ಬೇಗ ಗುರುತಿಸಿದ್ದು ಕಂಡುಬಂತು. ಆದರೂ ಯಾವ ಭಾಷೆಯಲ್ಲಿ ಕೆಲಸ ಮಾಡುತ್ತೀರೋ ಅದರ ರೂಢಿಯಂತೆ ಬರೆಯುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಓದುವವರ ಕಣ್ಣು ಅದಕ್ಕೆ ಒಗ್ಗಿರುತ್ತದೆ.

ರೂಢಿಗೂ ಇಕ್ಕಟ್ಟುಗಳಿವೆ. ಎಚ್‌ಟಿಟಿಪಿ, ಯುಆರ್‌ಎಲ್‌ನಂಥ ಸಂಕ್ಷೇಪಗಳು ಹೆಸರಿನ ನಡುವೆ ಬಂದರೆ ಏನು ಮಾಡಬೇಕು? ಜಾವಾದ ಒಂದು ಹಳೆಯ ಕ್ಲಾಸಿನ ಹೆಸರು ಎಚ್‌ಟಿಟಿಪಿ-ಯುಆರ್‌ಎಲ್-ಕನೆಕ್ಷನ್. ಅದರಲ್ಲಿ ಎಚ್‌ಟಿಟಿಪಿಯ ಎಚ್ ಮಾತ್ರ ಕ್ಯಾಪಿಟಲ್, ಉಳಿದ ಮೂರು ಸ್ಮಾಲ್. ಪಕ್ಕದಲ್ಲೇ ಇರುವ ಯುಆರ್‌ಎಲ್‌ನ ಮೂರೂ ಅಕ್ಷರ ಕ್ಯಾಪಿಟಲ್. ಒಂದೇ ಹೆಸರಿನೊಳಗೆ ಎರಡು ನಿಯಮ. ಬ್ರೌಸರಿನ ಎಕ್ಸ್‌ಎಂಎಲ್-ಎಚ್‌ಟಿಟಿಪಿ-ರಿಕ್ವೆಸ್ಟ್‌ನಲ್ಲಿ ಎಕ್ಸ್‌ಎಂಎಲ್ ಪೂರ್ತಿ ಕ್ಯಾಪಿಟಲ್, ಎಚ್‌ಟಿಟಿಪಿ ಅಲ್ಲ. ಪುಟದ ಒಂದು ಭಾಗವನ್ನು ಅದರ ಐಡಿಯಿಂದ ಹುಡುಕುವ ಜಾವಾಸ್ಕ್ರಿಪ್ಟ್ ಫಂಕ್ಷನ್ನಿನ ಕೊನೆಯಲ್ಲಿ ಐ ಕ್ಯಾಪಿಟಲ್, ಡಿ ಸ್ಮಾಲ್. ಡಿಯನ್ನೂ ಕ್ಯಾಪಿಟಲ್ ಮಾಡಿ, ಏಕೆ ಓಡುತ್ತಿಲ್ಲ ಎಂದು ತಲೆ ಕೆರೆದುಕೊಳ್ಳದ ವೆಬ್ ಡೆವಲಪರ್ ಸಿಗುವುದು ಕಷ್ಟ. ಮೈಕ್ರೊಸಾಫ್ಟ್‌ನವರು ಡಾಟ್‌ನೆಟ್ ಕಟ್ಟುವಾಗ ಇದಕ್ಕೊಂದು ನಿಯಮ ಬರೆದರು: ಎರಡಕ್ಷರದ ಸಂಕ್ಷೇಪ ಪೂರ್ತಿ ಕ್ಯಾಪಿಟಲ್, ಮೂರು ಅಥವಾ ಹೆಚ್ಚಿದ್ದರೆ ಮೊದಲಕ್ಷರ ಮಾತ್ರ. ನೆನಪಿಡಬಹುದಾದ, ಎಲ್ಲರೂ ಪಾಲಿಸಬಹುದಾದ ಇಂಥ ನಿಯಮವೇ ಒಳ್ಳೆಯದು, ಅದು ಸುಂದರವಾಗಿರಲೇಬೇಕೆಂದಿಲ್ಲ.

ಹೆಸರಿಗೆ ಒಮ್ಮೆ ಅಂಟಿದ್ದು ಬಿಡುವುದಿಲ್ಲ ಎಂಬುದಕ್ಕೆ ವಿಂಡೋಸ್ ಒಂದು ಪಾಠ. ಬುಡಾಪೆಸ್ಟ್‌ನಲ್ಲಿ ಹುಟ್ಟಿದ ಚಾರ್ಲ್ಸ್ ಸಿಮೊನಿ ಝೆರಾಕ್ಸ್ ಪಾರ್ಕ್‌ನಿಂದ ಮೈಕ್ರೊಸಾಫ್ಟ್‌ಗೆ ಬಂದಾಗ ಜೊತೆಗೆ ಒಂದು ಪದ್ಧತಿ ತಂದರು. ಹೆಸರಿನ ಮುಂದೆ ಅದರ ಬಗೆಯನ್ನು ಸೂಚಿಸುವ ಸ್ಮಾಲ್ ಅಕ್ಷರಗಳನ್ನು ಸೇರಿಸುವುದು. ಅವರ ಹುಟ್ಟುನಾಡಿನ ನೆನಪಿನಲ್ಲಿ ಇದು ಹಂಗೇರಿಯನ್ ನೊಟೇಶನ್ ಎನಿಸಿಕೊಂಡಿತು. ವಿಂಡೋಸ್‌ನ ಒಂದು ಪ್ಯಾರಾಮೀಟರ್‌ಗೆ, ಅದು 16 ಬಿಟ್‌ನ ‘ವರ್ಡ್’ ಆಗಿದ್ದ ಕಾಲದಲ್ಲಿ, ಹೆಸರಿನ ಮೊದಲಿಗೆ ಡಬ್ಲ್ಯು ಹಚ್ಚಿದ್ದರು. ಮುಂದೆ ಅದು 32 ಬಿಟ್ ಆಯಿತು, ಆಮೇಲೆ 64 ಬಿಟ್ ಆಯಿತು. ಡಬ್ಲ್ಯು ಮಾತ್ರ ಅಲ್ಲೇ ಇದೆ. ಅದನ್ನು ತೆಗೆದರೆ ಲೆಕ್ಕವಿಲ್ಲದಷ್ಟು ಪ್ರೋಗ್ರಾಮುಗಳು ಮುರಿಯುತ್ತವೆ. ಪೈಥಾನ್‌ಗೆ 2001ರಲ್ಲೇ ಶೈಲಿಯ ಕೈಪಿಡಿ ಬಂತು, ಫಂಕ್ಷನ್ನುಗಳಿಗೆ ಸ್ನೇಕ್ ಕೇಸ್ ಎಂದು ತೀರ್ಮಾನವಾಯಿತು. ಆದರೆ ಜಾವಾದ ಜೆಯುನಿಟ್ ನೋಡಿ ರೂಪಿಸಿದ ಅದರ ಪರೀಕ್ಷಾ ಲೈಬ್ರರಿಯಲ್ಲಿ ಇಂದಿಗೂ ಒಂಟೆಯ ಉಬ್ಬುಗಳೇ ಇವೆ.

ಫ್ರೇಮ್‌ವರ್ಕ್‌ಗಳ ಕಾಲದಲ್ಲಿ ಹೆಸರಿನ ಪಾತ್ರವೇ ಬದಲಾಯಿತು. ಅದನ್ನು ಅತ್ಯಂತ ದೂರ ಒಯ್ದದ್ದು ರೂಬಿ ಆನ್ ರೈಲ್ಸ್. ಡೆನ್ಮಾರ್ಕಿನ ಡೇವಿಡ್ ಹೈನಮೈಯರ್ ಹ್ಯಾನ್ಸನ್ 2004ರಲ್ಲಿ ಬಿಡುಗಡೆ ಮಾಡಿದ ಈ ಫ್ರೇಮ್‌ವರ್ಕ್‌ನ ಮೂಲಮಂತ್ರ: ಪದ್ಧತಿಯಂತೆ ಹೆಸರಿಟ್ಟರೆ ಪ್ರತ್ಯೇಕ ಸೆಟ್ಟಿಂಗ್ ಬರೆಯಬೇಕಿಲ್ಲ. ಪರ್ಸನ್ ಎಂಬ ಕ್ಲಾಸ್ ಬರೆದರೆ ಸಾಕು, ರೈಲ್ಸ್ ತಾನೇ ಡೇಟಾಬೇಸಿನಲ್ಲಿ ಪೀಪಲ್ ಎಂಬ ಟೇಬಲ್ ಹುಡುಕುತ್ತದೆ. ಆರ್ಡರ್-ಐಟಂ ಎಂಬ ಕ್ಲಾಸ್ ಕಂಡರೆ, ಕ್ಯಾಪಿಟಲ್‌ಗಳನ್ನು ಇಳಿಸಿ ನಡುವೆ ಅಂಡರ್‌ಸ್ಕೋರ್ ಹಾಕಿದ ಹೆಸರಿನ ಫೈಲನ್ನು ಹುಡುಕುತ್ತದೆ. ಕ್ಯಾಪಿಟಲ್ ಇಲ್ಲಿ ಪದದ ಗಡಿ ಕಂಡುಹಿಡಿಯುವ ಗುರುತು. ಹೆಸರಿನಿಂದ ಹೆಸರಿಗೆ ದಾಟುವ ಯಂತ್ರ ಅದರ ಮೇಲೆ ನಿಂತಿದೆ.

ಪರ್ಸನ್‌ನ ಬಹುವಚನ ಪೀಪಲ್ ಎಂದು ಕಂಪ್ಯೂಟರಿಗೆ ಗೊತ್ತಾಗುವುದು ಹೇಗೆ? ರೈಲ್ಸ್‌ನೊಳಗೆ ಇಂಗ್ಲಿಷ್ ವ್ಯಾಕರಣದ ಒಂದು ಚಿಕ್ಕ ಪುಸ್ತಕವೇ ಇದೆ. ಆಕ್ಸ್‌ಗೆ ಆಕ್ಸನ್, ಆಕ್ಟೋಪಸ್‌ಗೆ ಆಕ್ಟೋಪೈ. ಬಹುವಚನವೇ ಇಲ್ಲದ ಪದಗಳ ಪಟ್ಟಿಯಲ್ಲಿ ಶೀಪ್, ಫಿಶ್, ರೈಸ್, ಮನಿ, ಪೊಲೀಸ್, ಜೀನ್ಸ್ ಎಲ್ಲ ಇವೆ. ಇದರಲ್ಲಿ ತಪ್ಪುಗಳು ಸಿಕ್ಕರೂ ಈಗ ತಿದ್ದುವುದಿಲ್ಲ ಎಂದು ರೈಲ್ಸ್ ತಂಡ ಘೋಷಿಸಿದೆ. ಆ ತಪ್ಪನ್ನೇ ನಂಬಿಕೊಂಡ ಹಳೆಯ ತಂತ್ರಾಂಶಗಳು ಮುರಿಯಬಾರದು ಎಂಬ ಕಾಳಜಿ. ಬೇಕಾದವರು ತಮ್ಮ ಭಾಷೆಗೆ ತಮ್ಮದೇ ನಿಯಮ ಸೇರಿಸಿಕೊಳ್ಳಬಹುದು. ಕನ್ನಡಕ್ಕೆ ಅಂಥದ್ದು ಬರೆಯುವುದಾದರೆ ವಿದ್ಯಾರ್ಥಿಗೆ ವಿದ್ಯಾರ್ಥಿಗಳು, ಹುಡುಗನಿಗೆ ಹುಡುಗರು, ಅಣ್ಣನಿಗೆ ಅಣ್ಣಂದಿರು, ಮಗುವಿಗೆ ಮಕ್ಕಳು, ಇಂಗ್ಲಿಷಿಗಿಂತ ಕಷ್ಟವೇನಲ್ಲ. ನಿಜವಾದ ಗೋಡೆ ಬೇರೆ ಕಡೆ ಇದೆ. ರೂಬಿಯಲ್ಲಿ ಕ್ಲಾಸಿನ ಹೆಸರು ಕ್ಯಾಪಿಟಲ್‌ನಿಂದಲೇ ಶುರುವಾಗಬೇಕು. ಅದು ಸಲಹೆಯಲ್ಲ, ಭಾಷೆಯ ಕಟ್ಟಳೆ. ಹ್ಯಾಸ್ಕೆಲ್‌ನಲ್ಲೂ ಟೈಪುಗಳಿಗೆ ಅದೇ ಕಟ್ಟಳೆ.

ರಿಯಾಕ್ಟ್ ಇನ್ನೊಂದು ಬಗೆ. ಫೇಸ್‌ಬುಕ್ 2013ರಲ್ಲಿ ತೆರೆದಿಟ್ಟ ಈ ಲೈಬ್ರರಿಯಲ್ಲಿ ಬಟನ್ ಎಂದು ಸ್ಮಾಲ್ ಅಕ್ಷರದಲ್ಲಿ ಬರೆದ ಟ್ಯಾಗ್ ಬ್ರೌಸರಿನ ಸ್ವಂತ ಬಟನ್. ಮೊದಲ ಬಿ ಕ್ಯಾಪಿಟಲ್ ಆದರೆ ನೀವು ಬರೆದ ಕಾಂಪೊನೆಂಟ್. ಕಾಂಪೊನೆಂಟಿಗೆ ತಪ್ಪಿ ಸ್ಮಾಲ್ ಅಕ್ಷರದ ಹೆಸರು ಕೊಟ್ಟರೆ ರಿಯಾಕ್ಟ್ ಅದನ್ನು ಕಾಂಪೊನೆಂಟ್ ಎಂದೇ ಪರಿಗಣಿಸದೆ ಬ್ರೌಸರಿಗೆ ಕಳಿಸಿಬಿಡುತ್ತದೆ. ಪುಟ ತೆರೆದುಕೊಳ್ಳುತ್ತದೆ, ನೀವು ಬರೆದ ಭಾಗ ಮಾತ್ರ ಕಾಣುವುದಿಲ್ಲ. ಕನ್ಸೋಲ್‌ನಲ್ಲಿ ಒಂದು ಎಚ್ಚರಿಕೆ ಬಂದಿರುತ್ತದೆ, ನೋಡಬೇಕಷ್ಟೆ.

ಇದರ ಅಣ್ಣನಂಥ ಇನ್ನೊಂದು ತೊಂದರೆ ಪ್ರತಿ ತಂಡಕ್ಕೂ ಒಮ್ಮೆ ಎದುರಾಗುತ್ತದೆ. ಫೈಲಿನ ಹೆಸರಿನಲ್ಲಿ ಬಿ ಕ್ಯಾಪಿಟಲ್ ಇದೆ, ಕೋಡಿನಲ್ಲಿ ಅದನ್ನು ಕರೆಯುವ ಸಾಲಿನಲ್ಲಿ ಸ್ಮಾಲ್ ಇದೆ. ವಿಂಡೋಸ್‌ನಲ್ಲೂ ಮ್ಯಾಕ್‌ನಲ್ಲೂ ಸಾಮಾನ್ಯವಾಗಿ ಎರಡೂ ಒಂದೇ ಎಂದು ನಡೆಯುತ್ತದೆ. ಸಂಜೆ ಅದೇ ಕೋಡ್ ಲಿನಕ್ಸ್ ಸರ್ವರಿಗೆ ಹೋದಾಗ ‘ಇಂಥ ಫೈಲ್ ಇಲ್ಲ’ ಎಂಬ ಸಂದೇಶ. ಹೆಸರು ಸರಿಪಡಿಸಿ ಮತ್ತೆ ಕಳಿಸಿದರೂ ಅದೇ ಸಂದೇಶ, ಏಕೆಂದರೆ ಕ್ಯಾಪಿಟಲ್-ಸ್ಮಾಲ್ ಬದಲಾವಣೆ ಮಾತ್ರ ಆಗಿದ್ದರೆ ಈ ಕಂಪ್ಯೂಟರುಗಳಲ್ಲಿ ಗಿಟ್ ಅದನ್ನು ಬದಲಾವಣೆ ಎಂದೇ ಗಮನಿಸದಿರಬಹುದು. ಗಿಟ್‌ನ ಮೂವ್ ಆದೇಶದಿಂದಲೇ ಹೆಸರು ಬದಲಿಸಬೇಕು, ಇಲ್ಲವೆ ಮೊದಲು ಪೂರ್ತಿ ಬೇರೆ ಹೆಸರಿಟ್ಟು ಕಮಿಟ್ ಮಾಡಿ, ಆಮೇಲೆ ಸರಿಯಾದ ಹೆಸರಿಗೆ ಮರಳಬೇಕು.

ಕ್ಯಾಪಿಟಲ್ ಅಕ್ಷರವನ್ನು ಸ್ಮಾಲ್ ಮಾಡುವುದು ಸರಳ ಕೆಲಸ ಎಂಬ ನಂಬಿಕೆಯೂ ಇಂಗ್ಲಿಷಿನದೇ. ಆಸ್ಕಿಯಲ್ಲಿ ಕ್ಯಾಪಿಟಲ್ ಎ 65, ಸ್ಮಾಲ್ ಎ 97. ನಡುವಿನ ಅಂತರ 32, ಅಂದರೆ ಒಂದೇ ಒಂದು ಬಿಟ್. ತುರ್ಕಿ ಭಾಷೆಗೆ ಬಂದರೆ ಈ ಸರಳತೆ ಇಲ್ಲ. ಅಲ್ಲಿ ಐ ಎರಡು: ಚುಕ್ಕಿ ಇರುವುದು, ಇಲ್ಲದ್ದು. ಎರಡಕ್ಕೂ ಅದರದರ ಕ್ಯಾಪಿಟಲ್ ಉಂಟು. ಹಾಗಾಗಿ ನಾವು ಕಾಣುವ ಸಾಮಾನ್ಯ ಕ್ಯಾಪಿಟಲ್ ಐ ತುರ್ಕಿ ಸೆಟ್ಟಿಂಗಿನ ಕಂಪ್ಯೂಟರಿನಲ್ಲಿ ಚುಕ್ಕಿಯಿಲ್ಲದ ಸ್ಮಾಲ್ ಐ ಆಗುತ್ತದೆ. ಟೈಟಲ್ ಎಂಬ ಪದವನ್ನೇ ಉದಾಹರಣೆಯಾಗಿ ಕೊಟ್ಟು ಜಾವಾದ ದಾಖಲೆ ಈ ಬಗ್ಗೆ ಎಚ್ಚರಿಸುತ್ತದೆ. ಪಿಎಚ್‌ಪಿ ಕ್ಲಾಸುಗಳ ಹೆಸರಿನಲ್ಲಿ ಕ್ಯಾಪಿಟಲ್-ಸ್ಮಾಲ್ ಭೇದ ಎಣಿಸುವುದಿಲ್ಲ. ತುರ್ಕಿ ಸೆಟ್ಟಿಂಗ್ ಇಟ್ಟಾಗ ಐ ಇರುವ ಕ್ಲಾಸುಗಳು ಸಿಗದೆ ಹೋಗುತ್ತಿದ್ದವು. 2013ರ ಆವೃತ್ತಿ 5.5ರಲ್ಲಿ ಅದು ಸರಿಹೋಯಿತು. ತುರ್ಕಿ ಬರೆಯುವುದು ರೋಮನ್ ಲಿಪಿಯಲ್ಲೇ. ಒಂದು ಚುಕ್ಕಿಯ ವ್ಯತ್ಯಾಸಕ್ಕೇ ಇಷ್ಟು ಪಾಡು.

ಕನ್ನಡಕ್ಕೆ ಮರಳಿದರೆ, ಗೋ ಭಾಷೆಯಲ್ಲಿ ಕ್ಯಾಪಿಟಲ್‌ಗಿಂತ ಮೊದಲೇ ಇನ್ನೊಂದು ತಡೆ ಇದೆ. ಹೆಸರಿನಲ್ಲಿ ಯೂನಿಕೋಡ್ ‘ಅಕ್ಷರ’ ಅಥವಾ ‘ಅಂಕಿ’ ಎಂದು ವರ್ಗೀಕರಿಸಿದ್ದು ಮತ್ತು ಅಂಡರ್‌ಸ್ಕೋರ್ ಮಾತ್ರ ಇರಬಹುದು. ನಮ್ಮ ಕಾಗುಣಿತದ ಚಿಹ್ನೆಗಳು ಯೂನಿಕೋಡ್‌ನಲ್ಲಿ ಅಕ್ಷರಗಳಲ್ಲ, ಅಕ್ಷರಕ್ಕೆ ಅಂಟುವ ಗುರುತುಗಳು. ಒತ್ತಕ್ಷರ ಬರೆಯಲು ನಡುವೆ ಬೇಕಾದ ಹಲಂತವೂ ಹಾಗೇ, ಸೊನ್ನೆಯೂ ಹಾಗೇ. ಫಲಿತಾಂಶ ಹೀಗಿದೆ: ಮರ, ಜನ, ನಗರ, ಬರಹ ಗೋದಲ್ಲಿ ವೇರಿಯಬಲ್ ಹೆಸರಾಗಬಹುದು. ಮನೆ ಆಗದು, ಊರು ಆಗದು, ಅಂಕ ಆಗದು. ‘ಕನ್ನಡ’ ಎಂಬ ಪದವೇ ಆಗದು. ಗೋದ ಅಧಿಕೃತ ಪ್ರಶ್ನೋತ್ತರ ಇದನ್ನು ಮುಚ್ಚಿಡುವುದಿಲ್ಲ. ಈ ನಿಯಮದಿಂದ ದೇವನಾಗರಿಯಂಥವು ಹೊರಗುಳಿಯುತ್ತವೆ ಎಂದು ಒಪ್ಪಿಕೊಳ್ಳುತ್ತದೆ. ಕ್ಯಾಪಿಟಲ್ ಇಲ್ಲದ ಲಿಪಿಯವರು ಜಪಾನಿ ಹೆಸರಿನ ಮುಂದೆ ಇಂಗ್ಲಿಷಿನ ಎಕ್ಸ್ ಅಂಟಿಸಿದಂತೆ ಏನಾದರೂ ಮಾಡಿಕೊಳ್ಳಬೇಕು, ಅದು ಸಮಾಧಾನಕರವಲ್ಲ ಎಂದೂ ಹೇಳುತ್ತದೆ. ಮುಂದೆ ನಿಯಮ ಸಡಿಲವಾಗಬಹುದು, ಆದರೆ ಅಕ್ಷರದ ಆಕಾರದಿಂದ ಹೊರಗು-ಒಳಗು ತಿಳಿಯುವ ಏರ್ಪಾಡನ್ನು ಬಿಡಲಾರೆವು ಎಂಬುದು ಅವರ ನಿಲುವು. ಆ ಪ್ರೀತಿ ನನಗೆ ಅರ್ಥವಾಗುತ್ತದೆ. ಕ್ಯಾಪಿಟಲ್ ಇರುವ ಲಿಪಿಗಳಿಗೆ ಅದು ಇರಲಿ, ಇಲ್ಲದ ಲಿಪಿಗಳಿಗೆ ಬೇರೊಂದು ಕಾಣುವ ಗುರುತು ಕೊಡಲಿ ಎಂಬಷ್ಟೇ ನನ್ನ ಕೋರಿಕೆ.

ಪೈಥಾನ್ ಈ ವಿಷಯದಲ್ಲಿ ಉದಾರಿ. 2007ರಲ್ಲಿ ಒಪ್ಪಿ, 2008ರ ಕೊನೆಗೆ ಬಂದ ಪೈಥಾನ್ 3ರಿಂದ ‘ಹೆಸರು’ ಎಂಬ ವೇರಿಯಬಲ್ ಯಾವ ತಕರಾರಿಲ್ಲದೆ ಓಡುತ್ತದೆ. ಒಳಗಿನದು ಎಂದು ಸೂಚಿಸಲು ಮುಂದೆ ಒಂದು ಅಂಡರ್‌ಸ್ಕೋರ್ ಹಾಕುವುದು ಅಲ್ಲಿನ ರೂಢಿ. ಕನ್ನಡ ಹೆಸರಿಗೂ ಅದು ಹಾಗೇ ಕೂರುತ್ತದೆ. ಜಾವಾಸ್ಕ್ರಿಪ್ಟ್ 2022ರ ಮಾನಕದಲ್ಲಿ ಇದೇ ಕೆಲಸಕ್ಕೆ ಹ್ಯಾಶ್ ಚಿಹ್ನೆ ತಂದಿತು, ಜಾವಾದಲ್ಲಿ ಪಬ್ಲಿಕ್ ಎಂಬ ಪದವೇ ಇದೆ. ಯಾವ ಲಿಪಿಗೂ ಇವುಗಳಿಂದ ಅಡ್ಡಿಯಿಲ್ಲ. ಪೈಥಾನ್‌ನಲ್ಲಿ ಕ್ಲಾಸಿಗೆ ಕ್ಯಾಪಿಟಲ್, ಅದರಿಂದ ಮಾಡಿದ ವಸ್ತುವಿಗೆ ಸ್ಮಾಲ್ ಎಂಬ ರೂಢಿ ಕನ್ನಡದಲ್ಲಿ ನಡೆಯದು; ‘ವಿದ್ಯಾರ್ಥಿ’ ಎಂದು ಎರಡಕ್ಕೂ ಇಟ್ಟರೆ ಒಂದು ಇನ್ನೊಂದನ್ನು ಅಳಿಸುತ್ತದೆ. ಕ್ಲಾಸನ್ನು ವಿದ್ಯಾರ್ಥಿ ಎಂದೇ ಇಟ್ಟು, ವಸ್ತುವನ್ನು ‘ಈ_ವಿದ್ಯಾರ್ಥಿ’ ಎಂದು ಕರೆದರೆ ಓದಲೂ ಸಹಜ.

ಇಲ್ಲೂ ಸೂಕ್ಷ್ಮಗಳಿವೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ವೇ ಅಕ್ಷರ ಒತ್ತಾಗಿ ಕೆಳಗಿಳಿಯದಿರಲೆಂದು ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕುತ್ತೇವೆ. ಪೈಥಾನ್ ಹೆಸರಿನಲ್ಲಿ ಆ ಗುರುತನ್ನು ಒಪ್ಪುವುದಿಲ್ಲ, ಜಾವಾಸ್ಕ್ರಿಪ್ಟ್ ಒಪ್ಪುತ್ತದೆ. ‘ಕೊ’ ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘ ಕೊಂಬು ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಪೈಥಾನ್ ಎರಡನ್ನೂ ಒಂದಾಗಿಸಿಕೊಳ್ಳುತ್ತದೆ, ಜಾವಾಸ್ಕ್ರಿಪ್ಟ್ ಎರಡು ಬೇರೆ ವೇರಿಯಬಲ್ ಎಂದು ಎಣಿಸುತ್ತದೆ. ಇಬ್ಬರು ಬೇರೆ ಬೇರೆ ಕೀಲಿಮಣೆ ತಂತ್ರಾಂಶದಲ್ಲಿ ಟೈಪ್ ಮಾಡಿದರೆ ಈ ವ್ಯತ್ಯಾಸ ನುಸುಳಲು ಸಾಕು.

ದೊಡ್ಡ ಫ್ರೇಮ್‌ವರ್ಕ್‌ಗಳ ಕೋಡ್ ಇಂಗ್ಲಿಷಿನಲ್ಲೇ ಇರುತ್ತದೆ, ನಾನಾ ದೇಶದವರು ಕೂಡಿ ಬರೆಯುವಾಗ ಇರಲೂಬೇಕು. ಕನ್ನಡ ಮಾಧ್ಯಮದ ಶಾಲೆಯಲ್ಲಿ ಮೊದಲ ಪ್ರೋಗ್ರಾಮ್ ಬರೆಯುವ ಮಗುವಿನ ಮಾತು ಬೇರೆ. ಅಂಕಗಳ ಮೊತ್ತ ಹಾಕುವಾಗ ‘ಒಟ್ಟು_ಅಂಕ’ ಎಂದು ಬರೆಯಲು ಸಿಕ್ಕರೆ ಮಗುವಿನ ಗಮನ ತರ್ಕದ ಮೇಲಿರುತ್ತದೆ. ಹೊಸ ಭಾಷೆ, ಫ್ರೇಮ್‌ವರ್ಕ್, ಎಡಿಟರ್ ಕಟ್ಟುವವರು ಬೆಂಗಳೂರಿನಲ್ಲೇ ಎಷ್ಟೋ ಜನ ಇದ್ದೀರಿ. ನಿಮ್ಮ ಪರೀಕ್ಷಾ ಫೈಲಿಗೆ ಮೂರು ಹೆಸರು ಸೇರಿಸಿ: ಕನ್ನಡ, ಕೊಡು, ಸಾಫ್ಟ್‌ವೇರ್. ಮೊದಲನೆಯದು ಒತ್ತಕ್ಷರವನ್ನು ಪರೀಕ್ಷಿಸುತ್ತದೆ, ಎರಡನೆಯದು ಎರಡು ಬಗೆಯ ‘ಕೊ’ವನ್ನು, ಮೂರನೆಯದು ಕಾಣದ ಗುರುತನ್ನು. ಮೂರೂ ದಾಟಿದ ಮೇಲೆ ಅವನ್ನು ಕ್ಲಾಸ್, ಫಂಕ್ಷನ್, ವೇರಿಯಬಲ್ ಈ ಮೂರಕ್ಕೂ ಇಟ್ಟು, ಇನ್ನೊಂದು ಪ್ಯಾಕೇಜಿನಿಂದ ಕರೆದು ನೋಡಿ.